ಅಂಕಮ್ಮನ ಅರ್ಧ ಜಮೀನು

ಶ್ರೀನಗರದ ಸರ್ವಮಂಗಳಾ ಅವರು ತಾಲ್ಲೂಕು ಕಚೇರಿಯಲ್ಲಿ ಹಳೆಯ ಪಹಣಿಗಳ ನಡುವೆಯೇ ಮೂವತ್ತು ವರ್ಷ ಕಳೆದವರು. ಎಂಥ ಗೀಚು ಬರಹ ಕೊಟ್ಟರೂ ಜಮೀನು ಯಾರದೆಂದು ಓದಿ ಹೇಳುತ್ತಿದ್ದರು. ನಿವೃತ್ತಿಯಾದ ಮೇಲೆ ಆ ವಿದ್ಯೆ ಯಾರಿಗೂ ಬೇಡವಾಯಿತು ಅಂದುಕೊಂಡಿದ್ದಾಗ, ಜಯನಗರದ ಸೋಲಾರ್ ಕಂಪನಿಯೊಂದರ ಮ್ಯಾನೇಜರ್ ಶಿವರಾಮ್ ಇವರನ್ನು ಹುಡುಕಿಕೊಂಡು ಬಂದರು. ತುಮಕೂರು ಕಡೆಯ ಸೋಲಾರ್ ಪಾರ್ಕಿಗೆ ಡೆನ್ಮಾರ್ಕಿನವರು ಬಂಡವಾಳ ಹಾಕುವವರಿದ್ದರು. ಗುತ್ತಿಗೆಗೆ ಪಡೆದ ಪ್ರತಿ ಜಮೀನಿನ ದಾಖಲೆಯನ್ನೂ ಒಬ್ಬರು ಕೂತು ಓದಬೇಕಿತ್ತು.

ಒಂದು ಕಡತದಲ್ಲಿ ಸರ್ವಮಂಗಳಾ ಅವರ ಬೆರಳು ನಿಂತುಬಿಟ್ಟಿತು. ಹನ್ನೆರಡು ಎಕರೆಯ ಗುತ್ತಿಗೆಗೆ ಪಿಳ್ಳಪ್ಪ ಎಂಬ ರೈತ ಒಬ್ಬನೇ ಸಹಿ ಹಾಕಿದ್ದ. ಪಹಣಿಯಲ್ಲಿ ಮಾತ್ರ ಅರ್ಧ ಜಮೀನು ಅವನ ತೀರಿಹೋದ ಅಣ್ಣನ ಹೆಂಡತಿ ಅಂಕಮ್ಮನ ಹೆಸರಲ್ಲಿತ್ತು. ಆಕೆ ಊರು ಬಿಟ್ಟು ಎಷ್ಟೋ ವರ್ಷವಾಯಿತು, ಅದನ್ನೆಲ್ಲ ಕೆದಕಬೇಡಿ ಎಂದರು ಕಂಪನಿಯ ವಕೀಲರು.

ಡೆನ್ಮಾರ್ಕಿನ ಅಧಿಕಾರಿಗಳು ಬಂದ ದಿನ ಸರ್ವಮಂಗಳಾ ಎದ್ದು ನಿಂತು, ಕನ್ನಡದಲ್ಲೇ ವಿಷಯ ಹೇಳಿದರು. ಅದನ್ನು ಬಂದವರಿಗೆ ಇಂಗ್ಲಿಷಿನಲ್ಲಿ ತಿಳಿಸಬೇಕಿದ್ದ ಶಿವರಾಮ್ ಕಡೆ ಎಲ್ಲರೂ ನೋಡಿದರು. ಸಣ್ಣ ಅನುಮಾನ ಅಷ್ಟೇ ಎಂದು ಅವರು ತೇಲಿಸಿಬಿಡಬಹುದಿತ್ತು. ಹಾಗೆ ಮಾಡಲಿಲ್ಲ. ಒಬ್ಬ ಹೆಂಗಸಿನ ಒಪ್ಪಿಗೆ ಬೇಕಿತ್ತು, ನಾವು ಪಡೆದಿಲ್ಲ ಎಂದು ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದರು. ವಕೀಲರ ಮುಖ ಕಪ್ಪಿಟ್ಟಿತು. ಆಕೆಯನ್ನು ಹುಡುಕುವವರೆಗೂ ಕಾಯುತ್ತೇವೆ ಎಂದರು ಬಂದವರು.

ಅಂಕಮ್ಮ ಸಿಕ್ಕಿದ್ದು ಬಿಟಿಎಂ ಲೇಔಟಿನ ಪಿಜಿಯೊಂದರ ಅಡುಗೆಮನೆಯಲ್ಲಿ, ಅರವತ್ತು ಜನಕ್ಕೆ ಚಪಾತಿ ಒತ್ತುತ್ತಾ. ಸೆರಗಿಗೆ ಕೈ ಒರೆಸಿಕೊಂಡು ಬಂದು, ಸರ್ವಮಂಗಳಾ ಮತ್ತು ಶಿವರಾಮ್ ತಂದಿದ್ದ, ತನಗೆ ಓದಲು ಬಾರದ ಪಹಣಿಯ ಹಾಳೆಯನ್ನು ಬಹಳ ಹೊತ್ತು ನೋಡಿದಳು.

"ನನ್ನ ಹೆಸರು ಇನ್ನೂ ಇದೆಯೇನಮ್ಮ ಇದ್ರಲ್ಲಿ?"

ಸರ್ವಮಂಗಳಾ ಅವಳ ಬೆರಳು ಹಿಡಿದು ಆ ಸಾಲಿನ ಮೇಲಿಟ್ಟರು.

ಗುತ್ತಿಗೆ ಎಂದರೇನು, ವರ್ಷವರ್ಷ ಬಾಡಿಗೆ ಹೇಗೆ ಬರುತ್ತದೆ ಎಂದು ಎರಡೆರಡು ಸಲ ಬಿಡಿಸಿ ಹೇಳಿದ ಮೇಲೆಯೇ ಅಂಕಮ್ಮ ಹೆಬ್ಬೆಟ್ಟು ಒತ್ತಿದ್ದು. ಹೊರಡುವಾಗ ಇಬ್ಬರಿಗೂ ಬಿಸಿ ಚಪಾತಿ ಬಡಿಸಿ, ತಿನ್ನುವವರೆಗೂ ಬಿಡಲಿಲ್ಲ.

ಆಟೋದಲ್ಲಿ ಸರ್ವಮಂಗಳಾ ಅಂದರು, "ಅವತ್ತು ನನ್ನ ಮಾತನ್ನ ಹಾಗೇ ಹೇಳಿದ್ರಲ್ಲ ಸಾರ್, ಅದನ್ನ ನಾನು ಮರೆಯಲ್ಲ."

"ಹೇಳದೇ ಇದ್ದಿದ್ರೆ ನೀವು ಬಿಡ್ತಿದ್ರಾ ಮೇಡಂ?" ಎಂದು ಶಿವರಾಮ್ ನಕ್ಕರು.

ಈಗ ಆ ಹೊಲದಲ್ಲಿ ಸೋಲಾರ್ ಫಲಕಗಳು ನಿಂತಿವೆ. ಬಾಡಿಗೆ ಬರತೊಡಗಿದ ಮೇಲೆ ಅಂಕಮ್ಮ ಪಿಜಿಯಲ್ಲಿ ಬೆಳಗಿನ ಅಡುಗೆಯನ್ನಷ್ಟೇ ಇಟ್ಟುಕೊಂಡಿದ್ದಾಳೆ. ಭಾನುವಾರ ಮಧ್ಯಾಹ್ನಗಳಲ್ಲಿ ಶ್ರೀನಗರಕ್ಕೆ ಬಸ್ಸು ಹಿಡಿದು ಬಂದು, ಸರ್ವಮಂಗಳಾ ಅವರ ಹತ್ತಿರ ಕೂತು ಅಕ್ಷರ ತಿದ್ದುತ್ತಾಳೆ.