ಎಲ್ಲರೂ ಮನೆ ತಲುಪುವ ಸಿನಿಮಾಗಳು

ಡಿಸೆಂಬರ್ ಬಂತೆಂದರೆ ನಮ್ಮ ಮನೆಯ ಇಂಗ್ಲಿಷ್ ಸಿನಿಮಾ ಚಾನೆಲ್ಲಿನಲ್ಲಿ ದಿನವಿಡೀ ಒಂದೇ ಕಥೆ. ಹಿಮ ಬಿದ್ದ ಊರು, ದೊಡ್ಡ ಮರದ ಮನೆ, ಅಡುಗೆಮನೆಯಲ್ಲಿ ಬಿಸ್ಕತ್ತು ಸುಡುವ ಅಜ್ಜಿ. ಕ್ರಿಸ್‌ಮಸ್‌ಗೆಂದು ಮಕ್ಕಳು ಮೊಮ್ಮಕ್ಕಳು ದಿಕ್ಕುದಿಕ್ಕಿನಿಂದ ಬರುತ್ತಾರೆ. ಒಬ್ಬ ಮಾತ್ರ ಬರುವುದಿಲ್ಲ. ಅವನಿಗೆ ಅಪ್ಪನ ಜೊತೆ ಹಳೆಯ ಜಗಳ, ಇಲ್ಲವೇ ವಿಮಾನ ರದ್ದು. ಸಿನಿಮಾ ಇನ್ನೇನು ಮುಗಿಯಬೇಕು ಎನ್ನುವಾಗ ಕರೆಗಂಟೆ ಹೊಡೆದುಕೊಳ್ಳುತ್ತದೆ. ಬಾಗಿಲು ತೆಗೆದರೆ ಅವನೇ, ಕೋಟಿನ ಮೇಲೆಲ್ಲ ಹಿಮ. ಎಲ್ಲರೂ ಅಪ್ಪಿಕೊಂಡು ಅಳುತ್ತಾರೆ. ಅಷ್ಟು ಜನ ಉಂಡೆದ್ದ ಪಾತ್ರೆಗಳನ್ನು ಯಾರು ತೊಳೆದರು ಎನ್ನುವುದನ್ನು ಮಾತ್ರ ಒಂದು ಸಿನಿಮಾದಲ್ಲೂ ತೋರಿಸಿದ್ದು ನನಗೆ ನೆನಪಿಲ್ಲ.

ನನ್ನ ಗಂಡನಿಗೆ ಆ ಸಿನಿಮಾಗಳೆಂದರೆ ಪ್ರಾಣ. ಕಾರಿನ ಬಿಡಿಭಾಗ ತಯಾರಿಸುವ ಕಂಪನಿಯಲ್ಲಿ ಅವರು ಎಂಜಿನಿಯರ್. ಬೆಂಗಳೂರಿನಿಂದ ಜಪಾನಿಗೆ ಕಳಿಸಿದ್ದರು, ಸಗಮಿಹಾರಾ ಎಂಬ ಊರಿನ ಏಳನೇ ಮಹಡಿಯ ಮನೆಯಲ್ಲಿ ನಾವು ಮೂವರು ಇದ್ದೆವು. ಕಾರ್ಖಾನೆಯಲ್ಲಿ ಕಬ್ಬಿಣ ಮುರಿದರೂ ಮುಖ ಮುರಿಯದ ಮನುಷ್ಯ, ಟಿವಿಯಲ್ಲಿ ಕರೆಗಂಟೆ ಹೊಡೆಯುವ ಮೊದಲೇ ಕಣ್ಣೀರು ಹಾಕುತ್ತಿದ್ದರು. ನಾನು ಟಿಶ್ಯೂ ಡಬ್ಬವನ್ನು ಅವರ ಮುಂದೆ ತಳ್ಳಿ, "ತಗೊಳ್ಳಿ, ನಿಮ್ ದಾಯಾದಿಗಳೆಲ್ಲ ಮನೆ ಸೇರಿದ್ರು" ಎಂದು ರೇಗಿಸುತ್ತಿದ್ದೆ. ಮಗಳು ಇಬ್ಬರ ನಡುವೆ ಕೂತು ಸ್ಟ್ರಾಬೆರಿ ಇಟ್ಟ ಕ್ರಿಸ್‌ಮಸ್ ಕೇಕು ತಿನ್ನುತ್ತಿದ್ದಳು. ಕೇಕಿಗೆ ಮೊಟ್ಟೆ ಹಾಕಿದ್ದಾರೆಯೇ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುತ್ತಿರಲಿಲ್ಲ, ಕೇಳದಿದ್ದರೆ ಹಾಕಿಲ್ಲ ಎಂದು ಲೆಕ್ಕ.

ಆಮೇಲೆ ಆ ಮಾರ್ಚ್ ಬಂತು. ಭೂಕಂಪವಾದಾಗ ನಾನು ಮಗಳನ್ನು ಶಿಶುವಿಹಾರದಿಂದ ಕರೆದುಕೊಂಡು ಬರುತ್ತಿದ್ದೆ. ವಿದ್ಯುತ್ ಕಂಬಗಳು ತಲೆಯಾಡಿಸುವುದನ್ನು ನೋಡಿ ರಸ್ತೆಯಲ್ಲೇ ಕುಕ್ಕರಿಸಿ ಅವಳನ್ನು ಮಡಿಲಲ್ಲಿ ಮುಚ್ಚಿಕೊಂಡೆ. ರೈಲುಗಳು ನಿಂತವು, ಫೋನ್ ಸಿಗಲಿಲ್ಲ, ಗಂಡ ಕಾರ್ಖಾನೆಯಿಂದ ಕತ್ತಲಲ್ಲಿ ನಡೆದುಕೊಂಡು ಬಂದರು. ಅವರು ಬರುವವರೆಗೆ ನಾನು ಬದುಕಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅಣುಸ್ಥಾವರದಿಂದ ವಿಕಿರಣ ಸೋರಿದ ನಂತರದ ದಿನಗಳಲ್ಲಿ ನೀರು ಕುಡಿಯಲು ಭಯ, ಹಾಲು ಕೊಡಲು ಭಯ, ಸೊಪ್ಪು ತೊಳೆಯಲು ಭಯ. ಮೈಸೂರಿನಿಂದ ನನ್ನ ತಂದೆ ಗಂಟೆಗೊಮ್ಮೆ ಫೋನು ಮಾಡಿ ಬಂದುಬಿಡಿ ಎನ್ನುತ್ತಿದ್ದರು. ನಾನು ಮಗಳನ್ನು ಕರೆದುಕೊಂಡು ಹೊರಟೆ. ಗಂಡ ಬರಲಿಲ್ಲ. "ಇಷ್ಟು ವರ್ಷ ಜೊತೆಗೆ ಕೆಲಸ ಮಾಡಿದೋರು ಇಲ್ಲೇ ಇದಾರೆ ಕಣೆ. ನಾನ್ ಹೇಗೆ ಓಡಿಹೋಗ್ಲಿ?" ಎಂದರು.

ಮೈಸೂರಿನ ಗಟ್ಟಿ ನೆಲದ ಮೇಲೆ ಕೂತರೂ ನನ್ನ ಭಯ ಕಡಿಮೆಯಾಗಲಿಲ್ಲ. ರಸ್ತೆಯಲ್ಲಿ ಲಾರಿ ಹೋಗಿ ಕಿಟಕಿ ಗಾಜು ಅದುರಿದರೆ ನಾನು ಮಗಳ ರಟ್ಟೆ ಹಿಡಿದು ಅಂಗಳಕ್ಕೆ ಓಡುತ್ತಿದ್ದೆ. ಕುಕ್ಕರ್ ಕೂಗುವ ಮುಂಚೆ ಬುಸುಗುಟ್ಟಿದರೂ ಎದೆ ಧಸಕ್ಕೆನ್ನುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಟಿವಿಯ ಕೆಳಗೆ ಓಡುವ ಅಕ್ಷರಗಳು. ಜಪಾನಿನಲ್ಲಿ ಮತ್ತೆ ಕಂಪನ ಎಂದು ಬರುವುದು, ನಾನು ಫೋನು ತಿರುಗಿಸುವುದು, ಅದು ಸಿಗದಿರುವುದು. ಸಿಕ್ಕಾಗ ಅವರು, "ಹೌದಾ? ನಂಗೆ ಗೊತ್ತೇ ಆಗ್ಲಿಲ್ಲ" ಎನ್ನುತ್ತಿದ್ದರು. ಅವರು ಸುಳ್ಳು ಹೇಳುವಾಗ ಗಂಟಲು ಸರಿಮಾಡಿಕೊಳ್ಳುತ್ತಾರೆ. ಪ್ರತಿ ಸಲವೂ ಸರಿಮಾಡಿಕೊಳ್ಳುತ್ತಿದ್ದರು.

ಡಿಸೆಂಬರ್ ಹೊತ್ತಿಗೆ ವಿಷಯ ಒಂದು ತುದಿಗೆ ಬಂದಿತ್ತು. ಬೆಂಗಳೂರಿನ ಶಾಖೆಯಲ್ಲಿ ಅವರಿಗೊಂದು ಜಾಗ ಖಾಲಿ ಇತ್ತು. ಜನವರಿಯ ಮೊದಲ ವಾರದಲ್ಲಿ ಹೂಂ ಅನ್ನಬೇಕು ಇಲ್ಲವೇ ಊಹೂಂ ಅನ್ನಬೇಕು. ಊಹೂಂ ಅಂದರೆ ಇನ್ನೂ ಕೆಲವು ವರ್ಷ ಜಪಾನೇ. "ಕ್ರಿಸ್‌ಮಸ್ ರಜಕ್ಕೆ ಎರಡು ವಾರ ಬಂದು ನೋಡು. ಎಲ್ಲಾ ಮೊದಲಿನ ಥರಾನೇ ಇದೆ. ನಿಂಗೆ ಇರಕ್ಕಾಗುತ್ತೆ ಅನ್ಸಿದ್ರೆ ಇರು" ಎಂದು ಅವರು ನಮ್ಮಿಬ್ಬರಿಗೂ ಟಿಕೆಟ್ ಕಳಿಸಿದರು. ನಾನು ಹೊರಟೆ. ನೋಡುವುದಕ್ಕಲ್ಲ, ಅವರನ್ನು ಕರೆದುಕೊಂಡು ಬರುವುದಕ್ಕೆ. ಇದನ್ನು ನಾನು ಅವರಿಗೆ ಹೇಳಿರಲಿಲ್ಲ, ಆದರೂ ಅವರಿಗೆ ಗೊತ್ತಿತ್ತು.

ಮನೆಯೊಳಗೆ ಕಾಲಿಟ್ಟರೆ ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಮರ, ಮಿಣುಕು ದೀಪ, ಟಿವಿಯಲ್ಲಿ ಆಗಲೇ ಅಜ್ಜಿ ಬಿಸ್ಕತ್ತು ಸುಡುತ್ತಿದ್ದಾಳೆ. ನನಗೆ ನಗು ಬಂತು. ಮೇಲಿನ ಕಪಾಟುಗಳೆಲ್ಲ ಖಾಲಿಯಾಗಿದ್ದವು. ಸ್ಟೀಲ್ ಡಬ್ಬಗಳು ನೆಲಕ್ಕಿಳಿದಿದ್ದವು. ಫ್ರಿಜ್ಜಿಗೆ ಪಟ್ಟಿ ಬಿಗಿದು ಗೋಡೆಗೆ ಕಟ್ಟಿದ್ದರು. "ಎಲ್ಲಾ ಮೊದಲಿನ ಥರಾನೇ ಇದ್ಯಲ್ರೀ" ಎಂದೆ. ಅವರು ಮರದ ಮೇಲಿನ ನಕ್ಷತ್ರವನ್ನು ಸರಿಮಾಡುವುದರಲ್ಲಿ ಮಗ್ನರಾದರು.

ಮೊದಲ ಮೂರ್ನಾಲ್ಕು ದಿನ ಏನೂ ಆಗಲಿಲ್ಲ. ಏನೂ ಆಗದಿರುವುದೇ ನನ್ನನ್ನು ಹೆಚ್ಚು ಹೆದರಿಸಿತು. ಮಲಗಿದರೆ ಹಾಸಿಗೆ ಅಲ್ಲಾಡಿದಂತೆ, ನಿಂತರೆ ಕಾಲು ಜಾರಿದಂತೆ. ಲೋಟದಲ್ಲಿ ನೀರು ಹಾಕಿ ಮೇಜಿನ ಮೇಲಿಟ್ಟು ಅದನ್ನೇ ನೋಡುತ್ತಿದ್ದೆ. ನೀರು ಅಲ್ಲಾಡಿದರೆ ನಿಜ, ಇಲ್ಲದಿದ್ದರೆ ನನ್ನ ತಲೆ. ಒಂದು ವಿಚಿತ್ರವನ್ನೂ ಗಮನಿಸಿದೆ. ಗಂಡ ಟಿವಿಯ ಚಾನೆಲ್ ಬದಲಿಸಲು ಬಿಡುತ್ತಿರಲಿಲ್ಲ. ಮಗಳು ಜಪಾನಿ ಕಾರ್ಟೂನ್ ಕೇಳಿದರೂ ಇಲ್ಲ, ನಾನು ಹವಾಮಾನ ವರದಿ ಕೇಳಿದರೂ ಇಲ್ಲ. "ಇರೋದೇ ಎರಡು ವಾರ, ಒಟ್ಟಿಗೆ ಕೂತು ಸಿನಿಮಾ ನೋಡೋಣ" ಎನ್ನುವರು. ರಿಮೋಟು ಅವರ ಪ್ಯಾಂಟಿನ ಜೇಬಿನಲ್ಲೇ ಇರುತ್ತಿತ್ತು. ಪಾಪ, ಕ್ರಿಸ್‌ಮಸ್ ಸಿನಿಮಾ ತೋರಿಸಿ ನನ್ನ ಮನಸ್ಸು ಕರಗಿಸಲು ನೋಡುತ್ತಿದ್ದಾರೆ ಎಂದುಕೊಂಡೆ.

ಇಪ್ಪತ್ನಾಲ್ಕರ ಸಂಜೆ ಬಿಸಿಬೇಳೆಬಾತ್ ಮಾಡಿದ್ದೆ. ಕೇಕು ತಂದಿಟ್ಟಾಗಿತ್ತು. ಸಿನಿಮಾದಲ್ಲಿ ಜಗಳವಾಡಿ ಹೋದ ಮಗ ಹಿಮದಲ್ಲಿ ಸಿಕ್ಕಿಕೊಂಡ ಕಾರಿನ ಪಕ್ಕ ನಿಂತಿದ್ದ. ಮೊದಲು ಮಿಣುಕು ದೀಪದ ಸರ ತೂಗಿತು. ನಾನು ಲೋಟದ ಕಡೆ ನೋಡುವಷ್ಟರಲ್ಲಿ ಲೋಟವೇ ಮೇಜಿನಿಂದ ಹಾರಿತು. ಕಟ್ಟಡ ನರಳಿತು. ಏಳನೇ ಮಹಡಿ ಹೇಗೆ ತೂಗುತ್ತದೆ ಎಂದು ಅದರಲ್ಲಿ ಕೂತವರಿಗೇ ಗೊತ್ತು. ಒಂದು ಸಲ ಆ ಕಡೆ ಹೋದರೆ ಮತ್ತೆ ಈ ಕಡೆಗೆ ಬರುತ್ತದೋ ಇಲ್ಲವೋ ಎಂಬಂತೆ ಹೋಗುತ್ತದೆ. ನಾನು ಕೂತಲ್ಲೇ ಕಲ್ಲಾದೆ. ಗಂಡ ಓಡಿಹೋಗಿ ಟಿವಿಯನ್ನು ತಬ್ಬಿ ಹಿಡಿದರು. ಏಳು ವರ್ಷದ ಮಗಳು ಮಾತ್ರ ಮೇಜಿನ ಕೆಳಗೆ ನುಸುಳಿ, ಒಂದು ಕೈಯಲ್ಲಿ ಮೇಜಿನ ಕಾಲು ಹಿಡಿದು, "ಅತಾಮಾ! ಅಮ್ಮ, ಅತಾಮಾ! ತಲೆ!" ಎಂದು ಕಿರುಚಿದಳು. ಶಿಶುವಿಹಾರದಲ್ಲಿ ಕಲಿಸಿದ್ದು ಅವಳಿಗೆ ಮರೆತಿರಲಿಲ್ಲ. ಅವಳ ಕೂಗಿಗೆ ನನಗೆ ಜೀವ ಬಂತು, ನಾನೂ ಅವಳ ಪಕ್ಕ ತೂರಿಕೊಂಡೆ. ಅವಳ ಎದೆ ನನ್ನ ಅಂಗೈ ಕೆಳಗೆ ಗುಬ್ಬಿಯ ಎದೆಯಂತೆ ಬಡಿದುಕೊಳ್ಳುತ್ತಿತ್ತು.

ನಿಂತಿತು. ಟಿವಿಯಲ್ಲಿ ಅಜ್ಜಿ ಇನ್ನೂ ಮಗನಿಗಾಗಿ ಕಿಟಕಿಯಲ್ಲಿ ಇಣುಕುತ್ತಿದ್ದಳು. ಆಗ ನಮ್ಮ ಮನೆಯ ಕರೆಗಂಟೆ ಹೊಡೆದುಕೊಂಡಿತು.

ಎದುರುಮನೆಯ ಜಪಾನಿ ಅಜ್ಜಿ. ತಲೆಗೆ ಪೆಟ್ಟು ತಡೆಯುವ ದಪ್ಪ ಬಟ್ಟೆಯ ಟೊಪ್ಪಿ, ಕೈಯಲ್ಲಿ ಟಾರ್ಚು. "ದಾಯಿಜೋಬು?" ಎಂದು ಕೇಳಿ ನಾವು ಕ್ಷೇಮವೆಂದು ಖಾತ್ರಿ ಮಾಡಿಕೊಂಡರು. ಆಮೇಲೆ ನಮ್ಮ ಬಾಗಿಲನ್ನು ತೋರಿಸಿ ಏನೋ ಹೇಳಿದರು. ಮಗಳು ನನಗೆ ತಿಳಿಸಿದಳು: "ಫೋನ್ ಹೊಡ್ಕೊಂಡ ತಕ್ಷಣ ಬಾಗ್ಲು ಓಪನ್ ಮಾಡ್ಬೇಕಂತೆ ಅಮ್ಮ. Otherwise it gets stuck. ಯಾಕೆ ಮಾಡ್ಲಿಲ್ಲ ಅಂತ ಕೇಳ್ತಿದಾರೆ. ಅವರ ಫೋನ್ ಮೊದಲೇ ಹೊಡ್ಕೊಂತಂತೆ."

ನಾನು ಗಂಡನ ಕಡೆ ತಿರುಗಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ಅಂಗಿಯ ಜೇಬು ಮುಟ್ಟಿಕೊಂಡರು. ಫೋನು ಅಲ್ಲೇ ಇತ್ತು.

"ರೀ, ನಿಮ್ ಫೋನ್ ಯಾಕ್ರೀ ಹೊಡ್ಕೊಳ್ಳಲಿಲ್ಲ?"

ಅವರು ಗಂಟಲು ಸರಿಮಾಡಿಕೊಂಡರು. ಆಮೇಲೆ ಏನನ್ನಿಸಿತೋ, ನಿಜವನ್ನೇ ಹೇಳಿದರು. "ಭೂಕಂಪದ ಅಲರ್ಟ್ ಆಫ್ ಮಾಡಿದೀನಿ. ನೀವು ಬರೋ ಹಿಂದಿನ ದಿನಾನೇ."

ಟಿವಿಯ ಗುಟ್ಟೂ ಆಗಲೇ ಹೊರಬಿತ್ತು. ಫೋನಿನಲ್ಲಿ ಬರುವಂತೆ ಜಪಾನಿ ಚಾನೆಲ್ಲುಗಳಲ್ಲೂ ಭೂಮಿ ನಡುಗುವ ಮೊದಲು ಎಚ್ಚರಿಕೆಯ ಗಂಟೆ ಬರುತ್ತದೆ, ಚಿಕ್ಕದಾದರೂ ಮೇಲೆ ಅಕ್ಷರ ಓಡುತ್ತದೆ. ನಮ್ಮ ಸಿನಿಮಾ ಚಾನೆಲ್ಲಿನಲ್ಲಿ ಅದ್ಯಾವುದೂ ಬರುತ್ತಿರಲಿಲ್ಲ. ಅಲ್ಲಿ ಹೊಡೆಯುತ್ತಿದ್ದುದು ಕ್ರಿಸ್‌ಮಸ್ ಗಂಟೆ ಮಾತ್ರ. ಅದಕ್ಕೇ ರಿಮೋಟು ಜೇಬಿನಲ್ಲಿತ್ತು.

ನನ್ನ ಮೈಯೆಲ್ಲ ಉರಿದುಹೋಯಿತು. ಜಪಾನಿ ಅಜ್ಜಿಗೆ ಅರಿಗಾತೋ ಎಂದು ಧನ್ಯವಾದ ಹೇಳಿ ಕಳಿಸುವಷ್ಟು ತಾಳ್ಮೆ ಎಲ್ಲಿಂದ ಬಂತೋ ಗೊತ್ತಿಲ್ಲ. ಅವರು ಹೋದ ಮೇಲೆ, "ಮಗು ತಲೆ ಮೇಲೆ ಏನಾದ್ರೂ ಬಿದ್ದಿದ್ರೆ? ನಿಮ್ಗೆ ಬುದ್ಧಿ ಇದ್ಯಾ? ಭೂಮಿ ನಡುಗೋದನ್ನ ಬಚ್ಚಿಡ್ತಾರಾ ಯಾರಾದ್ರೂ?" ಎಂದು ಕೂಗಾಡಿದೆ.

"ಎರಡು ವಾರ ಸುಮ್ನಿದ್ರೆ ಸಾಕು ಅಂದ್ಕೊಂಡೆ ಕಣೆ" ಎಂದರು ತಲೆ ತಗ್ಗಿಸಿ. "ಆ ಸದ್ದು ಒಂದ್ಸಲ ಕೇಳಿದ್ರೆ ನೀನು ಮಾರನೇ ದಿನಾನೇ ಹೊರಟುಬಿಡ್ತೀಯ. ನಿಂಗೊತ್ತಿಲ್ಲ, ನೀವಿಬ್ರೂ ಹೋದ್ಮೇಲೆ ಅದು ಎಷ್ಟು ಸಲ ಹೊಡ್ಕೊಂಡಿದೆ ಅಂತ. ಪ್ರತಿ ಸಲಾನೂ ಮೇಜಿನ ಕೆಳಗೆ ಒಬ್ನೇ ಕೂತಿರ್ತೀನಿ. ಸತ್ರೆ ಪಕ್ಕದಲ್ಲಿ ಒಬ್ರೂ ಇರಲ್ವಲ್ಲ ಅಂತ ಭಯ ಆಗುತ್ತೆ. ಅದು ನಿಂತ್ಮೇಲೆ, ಸದ್ಯ ಅವರಿಬ್ರೂ ಇಲ್ಲಿಲ್ಲ ಅನ್ಸುತ್ತೆ. ಎರಡೂ ಅನ್ಸುತ್ತೆ. ನಾನೇನ್ ಮಾಡ್ಲಿ?"

ಸಿನಿಮಾದಲ್ಲಿ ಇಂಥ ಮಾತು ಮುಗಿದ ಕೂಡಲೇ ಅಪ್ಪಿಕೊಳ್ಳುತ್ತಾರೆ. ನಾನು ಅಪ್ಪಿಕೊಳ್ಳಲಿಲ್ಲ. ಕೈ ಚಾಚಿ ಫೋನು ಇಸಿದುಕೊಂಡು, ಮಗಳ ಕೈಗೆ ಕೊಟ್ಟೆ. ಅವಳು ಜಪಾನಿ ಅಕ್ಷರ ಓದಿ, ಬಾರದ್ದನ್ನು ಅಪ್ಪನನ್ನು ಕೇಳಿ ಅಲರ್ಟನ್ನು ಮತ್ತೆ ಹಾಕಿದಳು. ಹಾಕಿದವಳೇ ಬಾಗಿಲ ಪಕ್ಕದ ಶೂ ಕಪಾಟಿನಿಂದ ತುರ್ತುಚೀಲವನ್ನು ಎಳೆದು ತಂದು ನೆಲದ ಮೇಲೆ ಸುರಿದಳು. ಜಪಾನಿನಲ್ಲಿ ಪ್ರತಿ ಮನೆಯಲ್ಲೂ ಅಂಥದ್ದೊಂದು ಇರುತ್ತದೆ. ನಮ್ಮದರಿಂದ ಹೊರಬಿದ್ದದ್ದು ಒಂದು ಹೆಲ್ಮೆಟ್ಟು, ಒಂದು ಜೊತೆ ಕೈಗವಸು, ಒಂದು ಹೊದಿಕೆ, ನೀರು, ಬಿಸ್ಕತ್ತು.

"ಅಪ್ಪ, ನಂದು ಎಲ್ಲಿ?" ಎಂದಳು.

ಮರ ತಂದು, ನಕ್ಷತ್ರ ಕಟ್ಟಿ, ಕೇಕಿಗೆ ಹೇಳಿಟ್ಟು, ನಮ್ಮನ್ನು ಉಳಿಸಿಕೊಳ್ಳಲು ಅಷ್ಟೆಲ್ಲ ಮಾಡಿದ ಮನುಷ್ಯ ಈ ಚೀಲವನ್ನು ಒಬ್ಬನಿಗೇ ಸಾಕಾಗುವಂತೆ ಬಿಟ್ಟಿದ್ದರು. ನಾವು ಉಳಿಯುತ್ತೇವೆಂದು ಅವರೂ ನಂಬಿರಲಿಲ್ಲ. ಅದನ್ನು ಕಂಡು ನನಗೆ ಸಿಟ್ಟಿಗಿಂತ ಸಂಕಟವಾಯಿತು.

ಊಟಕ್ಕೆ ಕೂತಾಗ ಫೋನು ಹೊಡೆದುಕೊಂಡಿತು. ಆ ಸದ್ದು ಎಂಥದ್ದೆಂದು ಕೇಳಿದವರಿಗೆ ಹೇಳಬೇಕಿಲ್ಲ, ಕೇಳದವರಿಗೆ ಹೇಳಲು ಬರುವುದಿಲ್ಲ. ಗಂಡ ಬಾಗಿಲು ತೆರೆಯಲು ಓಡಿದರು, ನಾನು ಒಲೆ ಆರಿಸಿದೆ, ಮೂವರೂ ಮೇಜಿನ ಕೆಳಗೆ ಸೇರಿಕೊಂಡೆವು. ಅವರ ಎರಡು ಕೈಗಳು ನಮ್ಮಿಬ್ಬರ ತಲೆಯ ಮೇಲಿದ್ದವು. ಇದು ಚಿಕ್ಕದು, ಬೇಗ ನಿಂತಿತು. ನಾನು ಗಡಗಡ ನಡುಗುತ್ತಿದ್ದೆ. ಆದರೂ ಮೈಸೂರಿನಲ್ಲಿ ಸಿಗದ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತಾಗ ಆಗುತ್ತಿದ್ದ ಭಯ ಇದಕ್ಕಿಂತ ದೊಡ್ಡದು ಎಂದು ಆ ಮೇಜಿನ ಕೆಳಗೇ ನನಗೆ ತಿಳಿಯಿತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಅದೇ ಒಪ್ಪಿಗೆಯಾಗುತ್ತದೆ ಎಂದು ಹೆದರಿದೆ.

ಮಾರನೇ ದಿನ ಕ್ರಿಸ್‌ಮಸ್. "ನಾವು ಇನ್ನು ಇರೋದು ಹತ್ತು ದಿನ. ಹತ್ತು ದಿನಕ್ಕಾದ್ರೂ ಮಗೂಗೆ ಹೆಲ್ಮೆಟ್ ಬೇಕು" ಎಂದು ನಾನೇ ಹೊರಡಿಸಿದೆ. ಅಂಗಡಿಯಲ್ಲಿ ಆಗಲೇ ಕ್ರಿಸ್‌ಮಸ್ ಮರಗಳನ್ನು ಕಿತ್ತು, ಹೊಸ ವರ್ಷಕ್ಕೆ ಬಾಗಿಲಿಗೆ ಕಟ್ಟುವ ಹುಲ್ಲಿನ ಹಾರಗಳನ್ನು ಜೋಡಿಸುತ್ತಿದ್ದರು. ಹೆಲ್ಮೆಟ್ಟುಗಳು ಒಳಗಿನ ಸಾಲಿನಲ್ಲಿದ್ದವು. ನನ್ನದು ಬೇಗ ಸಿಕ್ಕಿತು. ಮಗಳಿಗೆ ಮಕ್ಕಳ ಅಳತೆಯದೊಂದು ಸರಿಯಾಗಿ ಕೂತಿತು. ನಾನು ಅದನ್ನು ತೆಗೆದು ವಾಪಸಿಟ್ಟು, ಒಂದು ಅಳತೆ ದೊಡ್ಡದನ್ನು ಅವಳ ತಲೆಗೆ ಹಾಕಿದೆ. ನಮ್ಮಲ್ಲಿ ಯಾವ ತಾಯಿ ಮಕ್ಕಳಿಗೆ ಸರಿಯಾದ ಅಳತೆಯ ವಸ್ತು ಕೊಂಡಿದ್ದಾಳೆ? ಯೂನಿಫಾರಂ ಆಗಲಿ ಶೂ ಆಗಲಿ, ಬೆಳೆಯುವ ಮಗು, ಎರಡು ವರ್ಷವಾದರೂ ಬರಬೇಕು.

ಮಗಳು ತಲೆಯಾಡಿಸಿದಳು. ಹೆಲ್ಮೆಟ್ಟು ಜಾರಿ ಕಣ್ಣಿನ ಮೇಲೆ ಕೂತಿತು. "ಅಮ್ಮ, it's too big. ಭೂಕಂಪ ಇವತ್ತೇ ಬಂದ್ರೆ?"

"ಬೆಳೀತೀಯಲ್ಲೇ" ಎಂದೆ.

ಗಂಡ ಬುಟ್ಟಿ ಹಿಡಿದು ಪಕ್ಕದಲ್ಲೇ ನಿಂತಿದ್ದರು. ಬಹಳ ಮೆಲ್ಲಗೆ, ನನ್ನ ಮುಖ ನೋಡದೆ, "ಹತ್ತು ದಿನಕ್ಕೆ ದೊಡ್ಡದ್ಯಾಕೆ?" ಎಂದು ಕೇಳಿದರು.

ಹುಲ್ಲಿನ ಹಾರ ಜೋಡಿಸುತ್ತಿದ್ದ ಹುಡುಗಿ ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ ನಮ್ಮನ್ನು ದಾಟಿ ಹೋದಳು. ನಾನು ದೊಡ್ಡ ಹೆಲ್ಮೆಟ್ಟನ್ನು ತೆಗೆದಿಟ್ಟು ಮೊದಲಿನದನ್ನೇ ಕೈಗೆತ್ತಿಕೊಂಡೆ.

"ಸರಿ, ಇದೇ ಇರ್ಲಿ" ಎಂದೆ. "ಮುಂದಿನ ವರ್ಷ ಇನ್ನೊಂದು ತಗೊಂಡ್ರಾಯ್ತು."

ಗಂಡ ಬುಟ್ಟಿಯನ್ನು ಕೆಳಗಿಟ್ಟರು. ನಾನು ಮಗಳ ಗಲ್ಲದ ಕೆಳಗೆ ಪಟ್ಟಿ ಹಾಕಲು ಬಗ್ಗಿದೆ. ಕೊಕ್ಕೆ ಕೂರದೆ ಎರಡು ಸಲ ಜಾರಿತು. "ಬಿಡಮ್ಮ, ನಂಗೆ ಬರುತ್ತೆ" ಎಂದು ಅವಳೇ ಹಾಕಿಕೊಂಡಳು.