ಸಮುದ್ರಕ್ಕಿಳಿದರೂ ನೆನೆಯಬಾರದ ಹಿಮ್ಮಡಿ

ಕಳೆದ ವರ್ಷ ನಮ್ಮ ಮದುವೆಗೆ ಇಪ್ಪತ್ತೈದು ತುಂಬಿತು. ಏನು ಬೇಕು ಎಂದು ಹೆಂಡತಿ ಸುಮಾಳನ್ನು ಕೇಳಿದೆ. ಸೀರೆಯನ್ನೋ ಬಳೆಯನ್ನೋ ಕೇಳುತ್ತಾಳೆ ಅಂದುಕೊಂಡಿದ್ದೆ. "ಸಮುದ್ರದೊಳಗೆ ಆಮೆ ಈಜೋದನ್ನ ಕಣ್ಣಾರೆ ನೋಡ್ಬೇಕು ರೀ. ಇಬ್ರೂ ಸ್ಕೂಬಾ ಮಾಡೋಣ" ಎಂದಳು. ನಾನೋ, ಲಿಫ್ಟ್ ಹತ್ತುವಾಗಲೂ ಕರೆಂಟು ಹೋದರೆ ಏನು ಗತಿ ಎಂದು ಯೋಚಿಸುವವನು. ಆದರೂ ಹೂಂ ಎಂದೆ. ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗುವುದೆಂದು ನಿಶ್ಚಯವಾಯಿತು.

ಪ್ರವಾಸಕ್ಕೆಂದು ಜಯನಗರದಲ್ಲಿ ಹಿಂದೆ ಪಟ್ಟಿಯಿರುವ ಹೊಸ ಚಪ್ಪಲಿ ಕೊಂಡೆ. ಹೋದ ಊರಲ್ಲಿ ಕಚ್ಚಬಾರದೆಂಬ ಮುಂಜಾಗ್ರತೆಯಿಂದ ಅದನ್ನು ಹಾಕಿಕೊಂಡು ಜೆ.ಪಿ. ನಗರದ ನಮ್ಮ ಮನೆಯ ಪಕ್ಕದ ಪಾರ್ಕಿನಲ್ಲಿ ದಿನಾ ಸುತ್ತತೊಡಗಿದೆ. ಅದು ಇಲ್ಲೇ ಕಚ್ಚಿತು. ಬಲ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು, ಒಡೆದು, ಚರ್ಮ ಸುಲಿಯಿತು. ಬೀದಿಯ ಕೊನೆಯ ಡಾಕ್ಟರು, "ಏನಿಲ್ಲ ಸಾರ್, ನೀರು ತಾಗಿಸ್ಬೇಡಿ, ಅಷ್ಟೇ" ಎಂದರು. ಈ ವಯಸ್ಸಿನಲ್ಲಿ ಸ್ಕೂಬಾ ಎಂದು ಹೇಳಲು ನಾಚಿಕೆಯಾಗಿ ಸುಮ್ಮನೆ ಎದ್ದು ಬಂದೆ.

ಹೊರಡುವ ಹೊತ್ತಿಗೆ ಗಾಯ ಮುಕ್ಕಾಲು ಒಣಗಿತ್ತು. "ನೀನು ಇಳಿ, ನಾನು ಬೋಟಲ್ಲಿ ಕೂತು ಬ್ಯಾಗ್ ನೋಡ್ಕೋತೀನಿ" ಎಂದೆ. ಒಳಗೊಳಗೇ ಸ್ವಲ್ಪ ಖುಷಿಯೂ ಇತ್ತು.

"ನೀವಿಲ್ದೆ ನಾನಿಳಿಯಲ್ಲ. ಆಮೇನ ಟೀವೀಲೇ ನೋಡ್ತೀನಿ ಬಿಡಿ" ಎಂದಳು ಸುಮಾ. ಬೆದರಿಕೆಯಾಗಿದ್ದರೆ ಜಗಳವಾಡಬಹುದಿತ್ತು. ಅವಳು ನಿಜಕ್ಕೂ ಹಾಗೇ ಮಾಡುವವಳು.

ನೀರಿನೊಳಗೆ ಒಬ್ಬೊಬ್ಬರಿಗೂ ಒಬ್ಬೊಬ್ಬ ತರಬೇತುದಾರರು. ನನ್ನ ಜೊತೆಗೆ ಬಂದವರು ಜ್ಯೋತಿ, ಆ ಕರಾವಳಿಯವರೇ. ಬೋಟಿನಲ್ಲಿ ಸುಮಾ ನನಗಿಂತ ಮೊದಲೇ ನನ್ನ ಹಿಮ್ಮಡಿಯನ್ನು ಅವರಿಗೆ ತೋರಿಸಿಬಿಟ್ಟಳು. ಜ್ಯೋತಿ ಅದಕ್ಕೆ ನೀರು ಹೋಗದ ಟೇಪ್ ಅಂಟಿಸಿ, "ಇಷ್ಟಕ್ಕೆ ಎಂತ ಆಗುದಿಲ್ಲ ಅಂಕಲ್. ಸ್ವಲ್ಪ ಉರೀಬಹುದು. ಕಾಲಿಗೆ ಈಜುವ ರಬ್ಬರ್ ಫಿನ್ ಹಾಕುದು ಬೇಡ, ಹಿಮ್ಮಡಿಗೆ ಉಜ್ಜುತ್ತದೆ. ಕಾಲುಚೀಲ ಹಾಕಿ, ಸಾಕು. ನಾನೇ ಎಳ್ಕೊಂಡು ಹೋಗ್ತೇನೆ" ಎಂದರು.

ಸಾಕು ಎಂದರೆ ನನಗೆ ಸಾಕಾಗಬೇಕಲ್ಲ? ಕಾಲಿಗೆ ಪೆಟ್ಟಾದಾಗ ನಮ್ಮ ಮನೆಯಲ್ಲಿ ಸ್ನಾನ ಮಾಡುವ ಕ್ರಮವೇ ಬೇರೆ. ಅಡುಗೆಮನೆಯ ಬಾಗಿಲ ಹಿಂದೆ ಕವರುಗಳನ್ನೇ ತುಂಬಿಟ್ಟ ಕವರೊಂದು ನೇತಾಡುತ್ತಿರುತ್ತದೆ. ಅದರಿಂದ ಒಂದನ್ನು ತೆಗೆದು, ಕಾಲು ತೂರಿಸಿ, ಮೇಲೆ ರಬ್ಬರ್ ಬ್ಯಾಂಡ್ ಹಾಕಿದರೆ ಎಷ್ಟು ಚೆಂಬು ಸುರಿದುಕೊಂಡರೂ ಗಾಯ ಒಣಗಿಯೇ ಇರುತ್ತದೆ. ಸೀರೆ ಅಂಗಡಿಯ ಗಟ್ಟಿ ಕವರೊಂದು ಬ್ಯಾಗಿನಲ್ಲಿತ್ತು. ಬೋಟಿನ ಮೂಲೆಗೆ ಹೋಗಿ ಅದನ್ನು ಮೊಣಕಾಲಿನವರೆಗೆ ಏರಿಸಿ, ಬಿಗಿಯಾಗಿ ಬ್ಯಾಂಡ್ ಸುತ್ತಿ, ಮೇಲೆ ಮಗಳ ಹಳೆಯ ಫುಟ್‌ಬಾಲ್ ಕಾಲುಚೀಲ ಎಳೆದುಕೊಂಡೆ. ಒಳಗೆ ಗಾಳಿಯೂ ಉಳಿದಿದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ನೀರಿಗಿಳಿದೆ. ದೇಹ ಕೆಳಗೆ ಹೊರಟಿತು, ಬಲಗಾಲು ಒಪ್ಪಲಿಲ್ಲ. ಅದು ಮೆಲ್ಲಗೆ ಆಕಾಶದ ಕಡೆ ಏಳತೊಡಗಿತು. ಎಡಗಾಲಿನಿಂದ ಒದ್ದಷ್ಟೂ ತಲೆ ಕೆಳಗಾಯಿತು. ಬಾಯಲ್ಲಿ ಉಸಿರಾಟದ ನಳಿಗೆ, ಕೂಗುವ ಹಾಗೂ ಇಲ್ಲ. ಜ್ಯೋತಿ ನನ್ನನ್ನು ಮೇಲೆ ತಂದರು. ಸುಮಾಳೂ ಹಿಂದೆಯೇ ಎದ್ದು ಬಂದಳು.

"ಎಂತ ಅಂಕಲ್ ಇದು, ಕಾಲಿಗೆ ಬಲೂನ್ ಕಟ್ಟಿದ್ದೀರಾ?"

"ಡಾಕ್ಟ್ರು ನೀರು ತಾಗಿಸ್ಬೇಡಿ ಅಂದಿದ್ರು..."

"ಸಮುದ್ರದಲ್ಲಾ?"

ಸುಮಾ ನೀರಿನಲ್ಲೇ ನಕ್ಕು ಉಪ್ಪುನೀರು ಕುಡಿದು ಕೆಮ್ಮಿದಳು. ಆದರೆ ಜ್ಯೋತಿ ನಗಲಿಲ್ಲ. "ಇನ್ನೊಂದೇ ಸಲ ನೋಡುವ. ಆಗದಿದ್ರೆ ನೀವು ಬೋಟಲ್ಲಿ ಕೂತ್ಕೊಳ್ಳಿ" ಎಂದು ಕವರನ್ನು ಬಿಚ್ಚಿ ತೆಗೆದು, ಬರೀ ಕಾಲುಚೀಲವನ್ನು ಮತ್ತೆ ಏರಿಸಿದರು. ನಾನು ಬೋಟಿನಲ್ಲಿ ಕೂತರೆ ಸುಮಾಳೂ ಹತ್ತಿ ಕೂರುತ್ತಾಳೆ. ಅವಳ ಮುಖ ನೋಡಿದೆ. ನಗು ನಿಂತಿತ್ತು. "ರೀ, ಉರಿಯತ್ತಾ?" ಎಂದಳು. ಸಿಕ್ಕಾಪಟ್ಟೆ ಉರಿಯುತ್ತಿತ್ತು. "ಏನೂ ಇಲ್ಲ, ನಡಿ" ಎಂದೆ.

ಈ ಸಲ ಎರಡು ಕಾಲೂ ನನ್ನ ಜೊತೆಗೇ ಬಂದವು. ಕೆಳಗೆ ಬಂಡೆಗಳ ಸುತ್ತ ಹಳದಿ ಪಟ್ಟೆಯ ಮೀನುಗಳು ಗುಂಪುಗುಂಪಾಗಿ ಸುಳಿದಾಡುತ್ತಿದ್ದವು. ನನಗೆ ಸುಲಿದ ಚರ್ಮದ ವಾಸನೆಗೆ ಯಾವುದು ಬರುತ್ತದೋ ಎಂಬ ಲೆಕ್ಕಾಚಾರ. ಅಷ್ಟರಲ್ಲಿ ಜ್ಯೋತಿ ನನ್ನ ಭುಜ ತಟ್ಟಿ ಎಡಕ್ಕೆ ಬೆರಳು ತೋರಿಸಿದರು. ಬಂಡೆಯ ಮರೆಯಿಂದ ಆಮೆಯೊಂದು ಹೊರಬಂತು. ಯಾವ ಅವಸರವೂ ಇಲ್ಲದೆ, ಊಟ ಮುಗಿಸಿ ಅಡ್ಡಾಡಲು ಹೊರಟ ಹಿರಿಯರ ಹಾಗೆ, ನಮ್ಮ ಎದುರಿಗೇ ಹಾದುಹೋಯಿತು. ನನ್ನ ಎಲ್ಲ ಚಿಂತೆಯೂ ಆ ಕ್ಷಣಕ್ಕೆ ನಿಂತುಹೋಯಿತು. ಸುಮಾಳಿಗೆ ತೋರಿಸಲು ತಿರುಗಿದೆ. ಅವಳು ಕಾಣಲಿಲ್ಲ. ಬಗ್ಗಿ ನೋಡಿದರೆ ನನ್ನ ಕಾಲ ಬಳಿ ಇದ್ದಳು. ಜಾರಿದ್ದ ಕಾಲುಚೀಲವನ್ನು ಹಿಮ್ಮಡಿಯ ಟೇಪಿನ ಮೇಲೆ ಎರಡೂ ಕೈಯಿಂದ ಎಳೆದು ಸರಿಮಾಡುತ್ತಿದ್ದಳು. ಅವಳು ತಲೆಯೆತ್ತುವಷ್ಟರಲ್ಲಿ ಅಲ್ಲಿ ಬರೀ ನೀಲಿ ನೀರು.

ಬೋಟು ಹತ್ತಿದ ಮೇಲೆ ಜ್ಯೋತಿ, "ಆಂಟಿ, ಆಮೆ ನೋಡಿದ್ರಲ್ಲ?" ಎಂದು ಕೇಳಿದರು.

"ಆಮೆ ಬಂದಿತ್ತಾ? ಯಾವಾಗ?" ಎಂದು ನನ್ನ ಕಡೆ ತಿರುಗಿದಳು. ನನ್ನ ಮುಖ ನೋಡಿ ಅವಳೇ, "ಹೋಗ್ಲಿ ಬಿಡಿ, ನೀವಾದ್ರೂ ನೋಡಿದ್ರಲ್ಲ. ಕಾಲು ಕೊಡಿ ಇಲ್ಲಿ, ಒರೆಸ್ತೀನಿ" ಎಂದಳು.

ಈ ಚಳಿಗಾಲಕ್ಕೆ ಮತ್ತೆ ಹೋಗೋಣ ಎಂದು ಈಗ ಹಟ ಹಿಡಿದಿರುವವನು ನಾನು. "ಏನ್ರೀ, ಹೆದರಿಕೆ ಹೋಯ್ತಾ?" ಎಂದು ಸುಮಾ ಕೆಣಕುತ್ತಾಳೆ. ಎಲ್ಲಿ ಹೋಗುತ್ತದೆ? ಅದು ಹಾಗೆಯೇ ಇದೆ. ಆದರೆ ಇಪ್ಪತ್ತೈದು ವರ್ಷಕ್ಕೆ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದನ್ನೇ. ಅದನ್ನು ನಾನು ನೋಡಿಬಿಟ್ಟಿದ್ದೇನೆ, ಅವಳು ನನ್ನ ಹಿಮ್ಮಡಿ ನೋಡುತ್ತಾ ಕೂತಳು. ಆ ಆಮೆ ಅವಳ ಕಣ್ಣಿಗೂ ಬೀಳುವವರೆಗೆ ನನಗೆ ಸಮಾಧಾನವಿಲ್ಲ.