ಹದಿಮೂರು ಕಪ್ಪೆ, ಒಂದೇ ಗಂಟು

೧೯೮೧ರ ಜೂನ್‌ನಲ್ಲಿ ನನ್ನನ್ನು ರಾಯಚೂರಿನಿಂದ ದೇವದುರ್ಗದ ಜೂನಿಯರ್ ಕಾಲೇಜೊಂದಕ್ಕೆ ಜೀವಶಾಸ್ತ್ರ ಉಪನ್ಯಾಸಕನಾಗಿ ವರ್ಗ ಮಾಡಿದರು. ಕಾಲೇಜಿನ ಹೆಸರು ಬರೆಯುವುದಿಲ್ಲ. ತಪ್ಪು ನನ್ನದು, ಕಟ್ಟಡದ್ದಲ್ಲ. ಟೈಮ್‌ಟೇಬಲ್ ವಿಷಯಕ್ಕೆ ಹಿಂದಿನ ಪ್ರಿನ್ಸಿಪಾಲರ ಜೊತೆ ಕಿತ್ತಾಡಿದ್ದಕ್ಕೆ ಸಿಕ್ಕ ಬಹುಮಾನ ಆ ವರ್ಗಾವಣೆ. ಬಸ್ಸಿಳಿದ ದಿನದಿಂದಲೇ ನನಗೆ ಆ ಊರಿನ ಮೇಲೆ ಸಿಟ್ಟು, ಬಿಸಿಲಿನ ಮೇಲೆ ಸಿಟ್ಟು, ಎದುರಿನ ಬೆಂಚಿನ ಮೇಲೆ ಕೂತವರ ಮೇಲೂ ಸಿಟ್ಟು. ಆ ಸಿಟ್ಟನ್ನು ಎರಡು ವರ್ಷ ಯಾರ ಮೇಲೆ ತೀರಿಸಿಕೊಂಡೆ ಎಂಬುದನ್ನು ಈಗ ಹೇಳುತ್ತೇನೆ.

ಆಗ ಹೈಸ್ಕೂಲಿನಲ್ಲಿ ಜೀವಶಾಸ್ತ್ರವೆಂದರೆ ಕರಿಹಲಗೆಯ ಮೇಲಿನ ಚಿತ್ರ, ಅಷ್ಟೇ. ಪಿಯುಸಿಗೆ ಬಂದ ಮೇಲೆ ವಿಷಯ ಆಳಕ್ಕಿಳಿಯುತ್ತಿತ್ತು. ಕಪ್ಪೆಗೆ ಕ್ಲೋರೋಫಾರ್ಮ್ ಕೊಟ್ಟು, ಮೇಣದ ಟ್ರೇನಲ್ಲಿ ಪಿನ್ ಚುಚ್ಚಿ, ಕೊಯ್ದು, ಕಂಡದ್ದನ್ನು ಅಲ್ಲೇ ಕೂತು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಬೇಕು. ವರ್ಷದ ಕೊನೆಗೆ ರೆಕಾರ್ಡಿಗೆ ಉಪನ್ಯಾಸಕನ ಸಹಿ ಬೀಳಬೇಕು. ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರವೇಶವಿಲ್ಲ, ಪ್ರಾಕ್ಟಿಕಲ್ ಇಲ್ಲದಿದ್ದರೆ ಇಡೀ ವರ್ಷ ಮಣ್ಣುಪಾಲು.

ನನ್ನ ತರಗತಿಯಲ್ಲಿದ್ದವರು ಹದಿನಾಲ್ಕು ಮಂದಿ. ಹದಿಮೂರು ಹುಡುಗರೂ ವ್ಯಾಪಾರಸ್ಥರ, ಜಮೀನ್ದಾರರ, ಅಕ್ಕಿ ಗಿರಣಿಯವರ ಮಕ್ಕಳು. ಹಣೆಗೆ ವಿಭೂತಿ, ಮನೆಯಲ್ಲಿ ಮಡಿ, ಕಪ್ಪೆ ಎಂದರೆ ಮಾರು ದೂರ. ಅವರನ್ನು ಬೈಯುವ ಯೋಗ್ಯತೆ ನನಗಿರಲಿಲ್ಲ, ನಾನೂ ಅಂಥದೇ ಮನೆಯವನು. ಬಿ.ಎಸ್ಸಿ., ಎಂ.ಎಸ್ಸಿ. ಎರಡನ್ನೂ ನಾನು ಮುಗಿಸಿದ್ದು ಅಟೆಂಡರ್ ಕೊಯ್ದಿಟ್ಟ ಕಪ್ಪೆಯನ್ನು ನೋಡಿ ಚಿತ್ರ ಬಿಡಿಸಿಯೇ. ಈ ಮಾತನ್ನು ಇಷ್ಟು ವರ್ಷ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಹದಿನಾಲ್ಕನೆಯವಳು ಸುಜಾತಾ. ಜಾಲಹಳ್ಳಿಯಿಂದ ಬಸ್ಸಿಗೆ ಬರುತ್ತಿದ್ದಳು. ಕೂಲಿ ಮಾಡುವ ಬೌದ್ಧ ಕುಟುಂಬ. ತಾಯಿ ಗುರುಪಾದಪ್ಪನವರ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದಳು. ಆ ಗುರುಪಾದಪ್ಪನವರ ಮಗನೂ ಇದೇ ತರಗತಿಯಲ್ಲಿದ್ದ. ಮೊದಲ ಪ್ರಾಕ್ಟಿಕಲ್ ದಿನ ಹುಡುಗರೆಲ್ಲ ಗೋಡೆಗೆ ಅಂಟಿ ನಿಂತಾಗ ಇವಳು ಮುಂದೆ ಬಂದು ಕತ್ತರಿ ತೆಗೆದುಕೊಂಡಳು.

"ಹೈಸ್ಕೂಲಿನಾಗ ಬರೇ ಬೋರ್ಡಿನ ಮ್ಯಾಲಿನ ಹೃದಯ ನೋಡೀನ್ರಿ ಸರ್. ಖರೇದ್ದು ಹೆಂಗಿರ್ತದ ನೋಡಬೇಕು" ಎಂದಳು. ಎದೆ ತೆರೆದ ಮೇಲೆ, "ಅಯ್ಯ, ಇನ್ನಾ ಬಡ್ಯಾಕತ್ತದ ಸರ್!" ಎಂದು ಕೂಗಿಯೇಬಿಟ್ಟಳು. ಅವತ್ತು ಅವಳು ಬಿಡಿಸಿದ ಹೃದಯದ ಚಿತ್ರ ಪುಸ್ತಕದ್ದಕ್ಕಿಂತ ಚೆನ್ನಾಗಿತ್ತು.

ಮರುವಾರವೇ ನಾನೊಂದು ಪದ್ಧತಿ ಮಾಡಿದೆ. "ನಿನ್ನ ಕೈ ಭಾಳ ಚಲೋ ಅದ. ಇವರದೂ ನೀನ ಕೊಯ್ದು ಕೊಡು" ಎಂದೆ. ಹೊಗಳಿಕೆ ಎಂದೇ ಹೇಳಿದೆ. ಆ ಮಾತನ್ನು ಅವಳಿಗೆ ಅಷ್ಟು ಸಲೀಸಾಗಿ ಹೇಳಿದ್ದೇಕೆ, ಗಿರಣಿಯವರ ಮಗನಿಗೆ ಹೇಳಲು ಬಾಯಿ ಏಕೆ ಬರಲಿಲ್ಲ ಎಂಬುದು ನನಗೆ ಅವತ್ತೇ ಗೊತ್ತಿತ್ತು. ಅವಳಿಗೂ ಗೊತ್ತಾಯಿತು, ಮುಖ ನೋಡಿದರೇ ತಿಳಿಯುತ್ತಿತ್ತು. ಅಲ್ಲಿಂದ ಹದಿಮೂರು ಮಂದಿಯ ಕಪ್ಪೆ ಕೊಯ್ದು ಅವಳ ಸರದಿ ಬರುವಷ್ಟರಲ್ಲಿ ಗಂಟೆ ಬಾರಿಸುತ್ತಿತ್ತು, ಜಾಲಹಳ್ಳಿ ಬಸ್ಸಿನ ಹೊತ್ತೂ ಆಗಿರುತ್ತಿತ್ತು. ಹುಡುಗರ ರೆಕಾರ್ಡ್ ತುಂಬುತ್ತ ಹೋಯಿತು, ಅವಳದ್ದು ಖಾಲಿ ಉಳಿಯಿತು.

೧೯೮೩ರ ಫೆಬ್ರವರಿಯಲ್ಲಿ, ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ವಾರ ಇರುವಾಗ, ಎಲ್ಲರೂ ಸಹಿಗೆ ಬಂದರು. ಅವಳ ರೆಕಾರ್ಡನ್ನು ನಾನು ಮೇಜಿನ ಮೇಲೆ ಎಸೆದೆ.

"ಖಾಲಿ ಪುಸ್ತಕಕ್ಕ ಸಹಿ ಹಾಕಾಕ ನನಗೇನು ತಲಿ ಕೆಟ್ಟದೇನು?"

"ಕೊಯ್ಯಾಕ ಹಚ್ಚಿದಾವ್ರು ನೀವ ಅದೀರಿ ಸರ್. ಬರಿಯಾಕ ಟೈಮ್ ಯಾವಾಗ ಕೊಟ್ರಿ?"

ಅವಳು ಹೇಳಿದ್ದು ನಿಜ. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯಿತು. "ಎದುರು ಮಾತಾಡ್ತೀಯೇನು?" ಎಂದು ಗದರಿದೆ. ಅವಳು ಅಳಲಿಲ್ಲ. "ಈ ವರ್ಷ ಹೋದ್ರ ಅಪ್ಪ ಮತ್ತ ಕಳಸೂದಿಲ್ರಿ. ಅವ್ವನ ಜೋಡಿ ಚೀಲ ಹೊಲಿಯೂದ ಆಗ್ತದ" ಎಂದಳು. ಆಗ ನಾನು ಆಡಿದ ಮಾತು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. "ಪರೀಕ್ಷಾ ದಿನ ಲಗೂ ಬಂದು ಎಲ್ಲಾರದೂ ಕೊಯ್ದಿಡು. ಸಹೀದು ಆಮ್ಯಾಲ ನೋಡೋಣು."

ಬಂದಳು. ಬೆಳಗಿನ ಮೊದಲ ಬಸ್ಸಿಗೇ ಬಂದು, ಸ್ಟೋರ್ ಕೋಣೆಯಲ್ಲಿ ಕೂತು ಹದಿಮೂರು ಕಪ್ಪೆ ಕೊಯ್ದಿಟ್ಟಳು. ರೆಕಾರ್ಡ್ ಮುಂದೆ ಹಿಡಿದಳು. "ಪರೀಕ್ಷಾ ಮುಗೀಲಿ" ಎಂದೆ. ಪರೀಕ್ಷೆ ಮುಗಿದ ಮೇಲಿನ ಸಹಿ ಯಾವ ಉಪಯೋಗಕ್ಕೆ?

ಬೇರೆ ಕಾಲೇಜಿನಿಂದ ಬಂದು ಪರೀಕ್ಷೆ ನಡೆಸಿ, ರೆಕಾರ್ಡಿಗೆ ಕೊನೆಯ ಸಹಿ ಹಾಕುವವರಿಗೆ ನಾವು ಎಕ್ಸ್‌ಟರ್ನಲ್ ಎನ್ನುತ್ತಿದ್ದೆವು. ಬಂದವರನ್ನು ಗುರುಪಾದಪ್ಪನವರ ಮನೆಗೆ ನಾಷ್ಟಾಕ್ಕೆ ಕರೆದೊಯ್ಯುವುದು, ಅವರು ತಿಂದು ಬರುವಷ್ಟರಲ್ಲಿ ಕೊಯ್ದ ಟ್ರೇಗಳನ್ನು ಹುಡುಗರ ಮುಂದೆ ಸಾಲಾಗಿ ಇಡುವುದು, ಅಲ್ಲಿನ ರೂಢಿ. ಆ ವರ್ಷ ಬಂದವರು ರಾಯಚೂರಿನ ಜುಲೇಖಾ ಮೇಡಂ, ಗಿಡ್ಡನೆಯ, ದಪ್ಪ ಕನ್ನಡಕದ ಹೆಂಗಸು. "ನಾಷ್ಟಾ ಆಗ್ಯಾದ" ಎಂದು ನೇರ ಲ್ಯಾಬಿಗೆ ನುಗ್ಗಿದರು. ಕೊಯ್ದ ಟ್ರೇಗಳು ಆಗಷ್ಟೇ ಹುಡುಗರ ಮುಂದೆ ಬಂದಿದ್ದವು.

ಕಪ್ಪೆಯ ಹೊಟ್ಟೆ ಕೊಯ್ಯುವಾಗ ನಡುವೆ ಒಂದು ರಕ್ತನಾಳ ಅಡ್ಡ ಬರುತ್ತದೆ. ಅದಕ್ಕೆ ಎರಡು ಕಡೆ ದಾರ ಕಟ್ಟಿ ನಡುವೆ ಕತ್ತರಿಸಬೇಕು, ಇಲ್ಲದಿದ್ದರೆ ಟ್ರೇ ಪೂರ್ತಿ ರಕ್ತವಾಗಿ ಏನೂ ಕಾಣುವುದಿಲ್ಲ. ಮೇಡಂ ಒಂದೊಂದೇ ಟ್ರೇಗೆ ಬಗ್ಗಿ ಆ ದಾರದ ಗಂಟು ನೋಡುತ್ತ ಬಂದರು. ಅದು ಚೀಲದ ಬಾಯಿಗೆ ಹಾಕುವ ಗಂಟು. ಎರಡು ವರ್ಷ ನೋಡಿಯೂ ನಾನು ಗಮನಿಸಿರಲಿಲ್ಲ.

"ಏನ್ರೀ ಇದು ತಮಾಷಾ? ಹದಿಮೂರು ಕಪ್ಪಿ, ಒಂದ ಗಂಟು. ಯಾರ ಕೈ ಇದು?"

ಹುಡುಗರು ನನ್ನ ಕಡೆ ನೋಡಿದರು. ನಾನು, "ಎಲ್ಲಾರಿಗೂ ನಾನ ಒಂದ ಥರ ಕಲಿಸೀನಿ ಮೇಡಂ" ಎಂದೆ.

"ಹೌದಾ? ಹಂಗಾದ್ರ ಹಾಕಿ ತೋರಸ್ರಿ."

ಉಳಿದಿದ್ದ ಒಂದು ಕಪ್ಪೆಯನ್ನು ನನ್ನ ಮುಂದೆ ತಂದಿಟ್ಟರು. ಕತ್ತರಿ ಹಿಡಿದೆ. ಹದಿಮೂರು ಜೊತೆ ಕಣ್ಣು ನನ್ನ ಮೇಲಿದ್ದವು. ಚರ್ಮ ಬಿಡಿಸಿದೆ, ಸ್ನಾಯು ಕೊಯ್ದೆ, ಹಾಗೇ ನಾಳಕ್ಕೂ ಕತ್ತರಿ ತಾಗಿಸಿಬಿಟ್ಟೆ. ರಕ್ತ ಚಿಮ್ಮಿ ಟ್ರೇ ತುಂಬಿತು. ಹಿಂದೆ ಸ್ಟೋರ್ ಬಾಗಿಲಿನಿಂದ ದನಿ ಬಂತು.

"ಮೊದಲ ದಾರ ಕಟ್ಟಬೇಕ್ರಿ ಸರ್."

ದನಿಯಲ್ಲಿ ಕುಹಕವಿರಲಿಲ್ಲ, ಕನಿಕರವೂ ಇರಲಿಲ್ಲ. ಮೇಡಂ ತಿರುಗಿ, "ನೀ ಯಾರವ್ವಾ?" ಎಂದರು.

"ನಾನೂ ಸೆಕೆಂಡ್ ಪಿಯುಸೀನ ರೀ. ರೆಕಾರ್ಡಿಗೆ ಸಹಿ ಆಗಿಲ್ಲ."

ರೆಕಾರ್ಡ್ ತೆರೆದು ನೋಡಿದರು. ಮೊದಲ ಪುಟದಲ್ಲಿ ಆ ಹೃದಯ. ಮುಂದೆ ಬಿಳಿ ಹಾಳೆಗಳು. "ಖಾಲಿ ಯಾಕ?"

"ಇವರದು ಕೊಯ್ಯಾಕ ಹತ್ತಿದ್ನಿರೀ."

ಮೇಡಂ ಪುಸ್ತಕವನ್ನು ನನ್ನ ಎದೆಗೇ ಒತ್ತಿದರು. "ಸಹಿ ಹಾಕ್ರಿ. ಈ ಹದಿಮೂರು ಟ್ರೇ ಆಕಿ ರೆಕಾರ್ಡ್. ಹಾಕೂದಿಲ್ಲಂದ್ರ ಈಗಿಂದೀಗ ರಿಪೋರ್ಟ್ ಬರೀತೀನಿ, ಮೊದಲ ಹೆಸರು ನಿಮ್ದ." ಕೈ ತೊಳೆಯಲೂ ಬಿಡಲಿಲ್ಲ. ಸಹಿಯ ಪಕ್ಕದಲ್ಲಿ ನನ್ನ ಹೆಬ್ಬೆರಳಿನ ರಕ್ತದ ಗುರುತೂ ಬಿತ್ತು.

ಅವತ್ತಿನ ಪರೀಕ್ಷೆ ರದ್ದು ಮಾಡಿ ಮರುದಿನಕ್ಕೆ ಇಟ್ಟರು. ಸಂಜೆ ಗುರುಪಾದಪ್ಪನವರು ಜೀಪಿನಲ್ಲಿ ಬಂದು, "ನಮ್ಮ ಹುಡುಗ ಕಪ್ಪಿ ಮುಟ್ಟೂದಿಲ್ರಿ, ಮನಿತನಕ್ಕ ಬರೂದಿಲ್ಲ" ಎಂದು ಜಬರ್ದಸ್ತಿ ಮಾಡಿದರು. "ಹಂಗಾದ್ರ ಜೀವಶಾಸ್ತ್ರಾನೂ ಮುಟ್ಟಬಾರದಿತ್ರಿ" ಎಂದು ಮೇಡಂ ಚಹಾದ ಕಪ್ಪು ಕೆಳಗಿಟ್ಟರು. ಮರುದಿನ ಮೂವರು ಹುಡುಗರು ಎದ್ದು ಹೋದರು, ಇಬ್ಬರು ವಾಂತಿ ಮಾಡಿಕೊಂಡರು, ಉಳಿದವರು ಹೇಗೋ ಕೊಯ್ದರು. ಹದಿನಾಲ್ಕನೆಯ ಮೇಜಿಗೆ ಸುಜಾತಾ ಕೂತಳು. ಎರಡು ವರ್ಷದಲ್ಲಿ ಎರಡನೆಯ ಸಲ ತನಗೋಸ್ಕರ ಕೊಯ್ದಳು, ಕೂತು ನಿಧಾನವಾಗಿ ಚಿತ್ರ ಬಿಡಿಸಿದಳು.

ಪಾಸಾದಳು. ಟಿ.ಸಿ. ಒಯ್ಯಲು ಬಂದಾಗ ನನ್ನ ಮುಂದೆಯೇ ಹಾದು ಹೋದಳು, ನಮಸ್ಕಾರ ಮಾಡಲಿಲ್ಲ. ನನಗೆ ಆಗ ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಾನ ಕಳೆದಳೆಂದು ಅವಳ ಮೇಲೆಯೇ ಹಲ್ಲು ಕಡಿದೆ, ಬಹಳ ದಿನ.

೧೯೮೯ರಲ್ಲಿ ನಾನೇ ಎಕ್ಸ್‌ಟರ್ನಲ್ ಆಗಿ ಮಾನ್ವಿಗೆ ಹೋದೆ. ಲ್ಯಾಬಿನ ಬಾಗಿಲಲ್ಲಿ ನಿಂತಿದ್ದ ಉಪನ್ಯಾಸಕಿ ಸುಜಾತಾ. ಗುರುತು ಹಿಡಿದಳು, ನಗಲಿಲ್ಲ, ಚಹಾ ಕೇಳಲಿಲ್ಲ. ಒಳಗೆ ಹಿರೇಕೊಟ್ನೆಕಲ್ ಗದ್ದೆಗಳಿಂದ ತಂದ ಕಪ್ಪೆಗಳು, ಒಬ್ಬೊಬ್ಬರಿಗೆ ಒಂದೊಂದು ಟ್ರೇ. ವಿಭೂತಿ ಹಚ್ಚಿದ ಹುಡುಗನೊಬ್ಬ ತುಟಿ ಕಚ್ಚಿಕೊಂಡು ದಾರ ಕಟ್ಟುತ್ತಿದ್ದ. ಮೂವತ್ತೊಂದು ಟ್ರೇ, ಮೂವತ್ತೊಂದು ಥರದ ಗಂಟು, ಕೆಲವು ತೀರ ಕೆಟ್ಟವು.

ಕಲಿಸುವವನು ತಾನು ಮುಟ್ಟದ್ದನ್ನು ಬೇರೆಯವರ ಕೈಯಿಂದ ಮುಟ್ಟಿಸಿ ಅದಕ್ಕೆ ಪಾಠವೆಂದು ಹೆಸರಿಡಬಾರದು. ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಕಲಿಸಿದವಳು ನನ್ನ ವಿದ್ಯಾರ್ಥಿನಿ. ಅದನ್ನು ಅವತ್ತು ಅವಳಿಗೆ ಹೇಳಬೇಕೆಂದು ಬಾಯಿ ತೆರೆದೆ. ಅವಳು ರೆಕಾರ್ಡುಗಳ ಗುಡ್ಡೆಯನ್ನು ನನ್ನ ಮುಂದೆ ಇಟ್ಟಳು.

"ಎಲ್ಲಾ ತೆರದು ನೋಡಿ ಸಹಿ ಹಾಕ್ರಿ ಸರ್. ಒಂದೂ ಖಾಲಿ ಇಲ್ಲ."